ದೇವಸ್ಥಾನದ ಭದ್ರತೆಗೆ ಹಣ: ಫೆಮಾ ಅನುದಾನವೋ, ಭಕ್ತರ ದೇಣಿಗೆಯೋ?

2023ರ ಡಿಸೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯೂಆರ್ಕ್‌ನಲ್ಲಿ ಸ್ವಾಮಿನಾರಾಯಣ ಮಂದಿರದ ಹೊರಗೋಡೆಗೆ ಯಾರೋ ಸ್ಪ್ರೇ ಪೇಂಟ್‌ನಿಂದ ದ್ವೇಷದ ಬರಹ ಬರೆದು ಹೋದರು. 2012ರಲ್ಲಿ ವಿಸ್ಕಾನ್ಸಿನ್‌ನ ಓಕ್ ಕ್ರೀಕ್ ಗುರುದ್ವಾರದಲ್ಲಿ ಗುಂಡಿನ ದಾಳಿಯೇ ಆಗಿತ್ತು. ಹಾಗಾಗಿ ಅಮೆರಿಕದಲ್ಲಿರುವ ನಮ್ಮವರ ಕಮಿಟಿಗಳು ಭದ್ರತೆಗೆ ಹಣ ಎಲ್ಲಿಂದ ಎಂಬ ಪ್ರಶ್ನೆಯನ್ನು ಮುಂದೂಡಬಾರದು.

ಫೆಮಾ ಅಂದರೆ ಅಮೆರಿಕ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆ. ಲಾಭರಹಿತ ಸಂಸ್ಥೆಗಳ ಭದ್ರತೆಗೆ ಅದು ಕೊಡುವ 'ನಾನ್‌ಪ್ರಾಫಿಟ್ ಸೆಕ್ಯುರಿಟಿ ಗ್ರಾಂಟ್' ದೊಡ್ಡ ಕೆಲಸಕ್ಕೆ ಒಳ್ಳೆಯದು. ಕ್ಯಾಮೆರಾ, ಗಟ್ಟಿ ಬಾಗಿಲು, ವಾಹನ ನುಗ್ಗದಂತೆ ತಡೆಯುವ ಕಂಬ, ತರಬೇತಿ ಎಲ್ಲಕ್ಕೂ ಕೇಳಬಹುದು. ನಿಮ್ಮ ಪಾಲು ಹಾಕಬೇಕಿಲ್ಲ. ಆದರೆ ಅರ್ಜಿ ರಾಜ್ಯದ ಮೂಲಕವೇ ಹೋಗಬೇಕು, ಕಟ್ಟಡ ಎಲ್ಲಿ ದುರ್ಬಲ ಎಂಬ ವರದಿಯೂ ಬೇಕು. ಮುಖ್ಯ ತೊಡಕು ಇದು: ಸಾಮಾನ್ಯವಾಗಿ ಮೊದಲು ನೀವು ಖರ್ಚು ಮಾಡಿ, ಬಿಲ್ ತೋರಿಸಿ ವಾಪಸ್ ಪಡೆಯಬೇಕು. ಮಂಜೂರಾಗುವ ಮೊದಲೇ ಕೆಲಸ ಶುರು ಮಾಡಿದರೆ ಆ ದುಡ್ಡು ಬರುತ್ತದೆ ಅಂತ ನಂಬಬೇಡಿ.

ದೇಣಿಗೆ ಬೇಗ ಕೈಗೆ ಬರುತ್ತದೆ, ಷರತ್ತೂ ಕಡಿಮೆ. ಮೊತ್ತ ಮಾತ್ರ ಸಣ್ಣದು. ಪದೇ ಪದೇ ಅದೇ ಮನೆಗಳನ್ನು ಕೇಳುವುದೂ ಕಷ್ಟ, ಅಲ್ವಾ?

ನನ್ನ ಸಲಹೆ: ಅಡುಗೆಮನೆಯ ಹಿಂಬಾಗಿಲ ಸಡಿಲ ಬೀಗ, ಪಾರ್ಕಿಂಗ್‌ನ ಉರಿಯದ ದೀಪ, ಇವನ್ನು ಈ ವಾರವೇ ದೇಣಿಗೆಯಲ್ಲಿ ಸರಿಮಾಡಿ. ಕಂಬ, ಕ್ಯಾಮೆರಾಗಳಿಗೆ ಅರ್ಜಿ ಹಾಕಿ. ಅರ್ಜಿ ಬರೆಯಲು, ಬಿಲ್‌ಗಳ ಲೆಕ್ಕ ಇಡಲು ಲೆಕ್ಕಪತ್ರ ಬಲ್ಲ ಒಬ್ಬರನ್ನು ಇವತ್ತೇ ಗೊತ್ತುಮಾಡಿ.