ರಿಗ್ರೆಷನ್ ಲೆಕ್ಕಕ್ಕೆ ಕ್ಯಾಸಿಯೊ ಎಫ್‌ಎಕ್ಸ್-82 ಎಂಎಸ್: ಏನು ಕೊಡುತ್ತದೆ, ಎಲ್ಲಿ ದಾರಿ ತಪ್ಪಿಸುತ್ತದೆ

ದಾವಣಗೆರೆಯ ಬಿಕಾಂ, ಬಿಎಸ್ಸಿ ವಿದ್ಯಾರ್ಥಿಗಳು ಸಹಸಂಬಂಧ, ರಿಗ್ರೆಷನ್ (ಒಂದು ಅಂಕಿಯಿಂದ ಇನ್ನೊಂದನ್ನು ಅಂದಾಜಿಸುವ ಗೆರೆ) ಅಧ್ಯಾಯಕ್ಕೆ ಯಾವ ಕ್ಯಾಲ್ಕುಲೇಟರ್ ಕೊಳ್ಳಬೇಕೆಂದು ಕೇಳಿದರೆ ನಮ್ಮ ಉತ್ತರ ಎಫ್‌ಎಕ್ಸ್-82 ಎಂಎಸ್. ಮ್ಯಾಟ್ರಿಕ್ಸ್ ಮಾಡುವ ದುಬಾರಿ ಮಾದರಿ ಈ ಅಧ್ಯಾಯಕ್ಕೆ ಬೇಕಿಲ್ಲ.

ಅಭ್ಯಾಸಕ್ಕೆ ಒಂದು ಕಲ್ಪಿತ ಲೆಕ್ಕ: ಮೆಕ್ಕೆಜೋಳಕ್ಕೆ ಎಕರೆಗೆ 1, 2, 3, 4, 5 ಚೀಲ ಯೂರಿಯಾ ಹಾಕಿದಾಗ ಇಳುವರಿ 12, 15, 17, 20, 21 ಕ್ವಿಂಟಲ್. ಚೀಲ ಎಕ್ಸ್, ಇಳುವರಿ ವೈ. ಮೋಡ್ ಒತ್ತಿ 3, ಆಮೇಲೆ 1. ಹಳೇ ಲೆಕ್ಕ ಅಳಿಸಲು ಶಿಫ್ಟ್, ಮೋಡ್, 1, ಈಕ್ವಲ್. ಇದನ್ನು ಬಿಟ್ಟರೆ ಹಿಂದಿನ ಅಂಕಿಗಳೂ ಸೇರಿಕೊಂಡು ಉತ್ತರ ಕೆಡುತ್ತದೆ. ಈಗ 1, ಕಾಮಾ, 12, ಎಂ ಪ್ಲಸ್. ಹೀಗೇ ಐದೂ ಜೋಡಿ. ಶಿಫ್ಟ್, 2 ಒತ್ತಿ ಬಲ ಬಾಣವನ್ನು ಎರಡು ಸಲ ಒತ್ತಿದರೆ ಎ, ಬಿ, ಆರ್ ಕಾಣುತ್ತವೆ. ಎ 10.1, ಬಿ 2.3, ಆರ್ 0.9898. ಗೆರೆಯ ಸಮೀಕರಣ ವೈ = ಎ + ಬಿ ಗುಣಿಸು ಎಕ್ಸ್, ಅಂದರೆ ಇಲ್ಲಿ ಇಳಿಜಾರು ಬಿ. ಆರ್ ಎಂದರೆ ಸಹಸಂಬಂಧ ಗುಣಾಂಕ. ಪುಸ್ತಕದಲ್ಲಿ ಇಳಿಜಾರಿಗೆ ಎ ಎಂದು ಬರೆದಿದ್ದರೆ ಅದಲುಬದಲಾಗದಂತೆ ನೋಡಿಕೊಳ್ಳಿ.

ಎಂ ಪ್ಲಸ್ ಒತ್ತಿದಾಗಲೆಲ್ಲ ಪರದೆಯ ಮೇಲೆ ಬರುವ ಎನ್, ಅಂದರೆ ಹಾಕಿದ ಜೋಡಿಗಳ ಸಂಖ್ಯೆ, ಅದರ ಮೇಲೆ ಕಣ್ಣಿಡಬೇಕು. ಕೊನೆಯ ಜೋಡಿಗೆ ಕೈತಪ್ಪಿ ಎರಡು ಸಲ ಒತ್ತಿದರೆ ಎನ್ 6 ಆಗಿ, ಬಿ 2.225ಕ್ಕೆ ಇಳಿಯುತ್ತದೆ. ಆರ್ ಮಾತ್ರ 0.9901, ಹೆಚ್ಚುಕಡಿಮೆ ಇದ್ದಲ್ಲೇ. ಆರ್ ಚೆನ್ನಾಗಿ ಬಂತು ಎಂಬ ಧೈರ್ಯದಲ್ಲಿ ಲೆಕ್ಕ ಸರಿ ಎಂದುಕೊಳ್ಳುವುದು ಇದಕ್ಕೇ ತಪ್ಪು. ಎಕ್ಸ್, ವೈ ತಿರುವುಮುರುವಾಗಿ ಹಾಕಿದರೂ ಆರ್ ಅದೇ. ಬಿ ಮಾತ್ರ 0.426.

ಈ ಯಂತ್ರ ದೊಡ್ಡದಾಗಿ ದಾರಿ ತಪ್ಪಿಸುವುದು ಇನ್ನೊಂದು ಕಡೆ. ನಮ್ಮ ಪರೀಕ್ಷೆಗಳಲ್ಲಿ ಎರಡೂ ರಿಗ್ರೆಷನ್ ಸಮೀಕರಣ (ಎಕ್ಸ್ ಕೊಟ್ಟು ವೈ ಅಂದಾಜಿಸುವುದು, ವೈ ಕೊಟ್ಟು ಎಕ್ಸ್ ಅಂದಾಜಿಸುವುದು) ಕೇಳುವುದು ರೂಢಿ. ಮೂರನೇ ಸಲ ಬಾಣ ಒತ್ತಿದಾಗ ಟೋಪಿ ಹಾಕಿದ ಎಕ್ಸ್ ಕಾಣುತ್ತದೆ. ಅದನ್ನೇ ಎರಡನೇ ಗೆರೆಯ ಉತ್ತರವೆಂದು ಬರೆಯುವವರಿದ್ದಾರೆ. ಅದು ಮೊದಲ ಗೆರೆಯನ್ನೇ ತಿರುವಿ ಹಾಕಿದ್ದು. ಇಳುವರಿ 20 ಕೊಟ್ಟರೆ ಯಂತ್ರ 4.30 ಎನ್ನುತ್ತದೆ, ನಿಜವಾದ ಎರಡನೇ ಸಮೀಕರಣದ ಉತ್ತರ 4.28. ಆರ್ 0.99ರ ಹತ್ತಿರ ಇರುವುದರಿಂದ ವ್ಯತ್ಯಾಸ ಸಣ್ಣದು, ಆರ್ 0.5 ಇದ್ದರೆ ಎರಡು ಗೆರೆಗಳೂ ದೂರ ಸರಿಯುತ್ತವೆ. ಎರಡನೇ ಗೆರೆ ಬೇಕಿದ್ದರೆ ಅಳಿಸಿ, ಜೋಡಿಗಳನ್ನು ತಿರುಗಿಸಿ ಮತ್ತೆ ಹಾಕಿ. ತಾಳೆ ನೋಡಲು ಎರಡೂ ಬಿಗಳನ್ನು ಗುಣಿಸಿ: 2.3 ಗುಣಿಸು 0.426 ಅಂದರೆ 0.98, ಅದೇ ಆರ್‌ನ ವರ್ಗ.

ಚಿತ್ರ ಬಿಡಿಸಲು ಇದಕ್ಕೆ ಬಾರದು, ಅದು ನಿಜವಾದ ಕೊರತೆ. ಮೇಲಿನ ಲೆಕ್ಕದಲ್ಲಿ ಗೆರೆಯಿಂದ ಇಳುವರಿಯ ಅಂತರ ಕ್ರಮವಾಗಿ -0.4, 0.3, 0, 0.7, -0.6. ಎರಡೂ ತುದಿಯಲ್ಲಿ ಕೆಳಗೆ, ನಡುವೆ ಮೇಲೆ. ಬಿಂದುಗಳು ಬಾಗುತ್ತಿರುವ ಸೂಚನೆ. ಐದನೇ ಚೀಲಕ್ಕೆ ಸಿಕ್ಕಿದ್ದು ಒಂದೇ ಕ್ವಿಂಟಲ್. ಆದರೂ 10 ಚೀಲಕ್ಕೆ ಎಷ್ಟು ಎಂದರೆ ಯಂತ್ರ 33.1 ಎಂದುಬಿಡುತ್ತದೆ. ಗ್ರಾಫ್ ಹಾಳೆಯ ಮೇಲೆ ಐದು ಚುಕ್ಕಿ ಇಡುವುದಕ್ಕೆ ಎರಡು ನಿಮಿಷ ಸಾಕು, ಅದನ್ನು ಬಿಡಬೇಡಿ.

ಕೋಷ್ಟಕದ ಹಂತಗಳಿಗೇ ಅಂಕ ಇರುವಾಗ ಶಿಫ್ಟ್, 1 ಒತ್ತಿ ಬರುವ ಮೊತ್ತಗಳು ಬಹಳ ಉಪಕಾರಿ: ಎಕ್ಸ್ ಮೊತ್ತ 15, ವೈ ಮೊತ್ತ 85, ಗುಣಲಬ್ಧಗಳ ಮೊತ್ತ 278. ಕೈಲೆಕ್ಕ ಎಲ್ಲಿ ತಪ್ಪಿದೆ ಎಂದು ಇಲ್ಲೇ ಗೊತ್ತಾಗುತ್ತದೆ.

ಸೀನಿಯರ್‌ಗಳಿಂದ ಹಳೆಯದನ್ನು ಕೊಳ್ಳುವುದಾದರೆ ದುಡ್ಡು ಕೊಡುವ ಮೊದಲೇ ಈ ಐದು ಜೋಡಿ ಒತ್ತಿ ನೋಡಿ. ಒಂದು ಒತ್ತಿಗೆ ಎನ್ ಎರಡು ಏರಿದರೆ ಎಂ ಪ್ಲಸ್ ಕೀ ಸವೆದಿದೆ, ಅಂಥದ್ದು ಬೇಡ.