ಕುದುರೆ ಬಿಸ್ಕತ್ ಮಿಕ್ಸ್ ತಗೊಳ್ಳೋರು ದಯವಿಟ್ಟು ಓದಿ, "ಸಕ್ಕರೆ ಇಲ್ಲ" ಅಂದ್ರೆ ನಂಬ್ಬೇಡಿ

12 ದಿನ ಆಯ್ತು, ಇನ್ನೂ ಕೋಪ ಇಳಿದಿಲ್ಲ. ಬರೀಬೇಕೋ ಬೇಡ್ವೋ ಅಂತ ಸುಮ್ನಿದ್ದೆ, ನಾಚಿಕೆ ಬೇರೆ. ಆದ್ರೆ ಅದೇ ಮಿಕ್ಸ್ ಇನ್ನೂ ಮಾರ್ತಾ ಇದಾರೆ ಅಂತ ನಿನ್ನೆ ಗೊತ್ತಾಯ್ತು, ಅದಕ್ಕೇ ಬರೀತಿದೀನಿ.

ನಮ್ಮ ಕುದುರೆ ಚೆನ್ನಿಗೆ 19 ವರ್ಷ. ಎರಡು ವರ್ಷದ ಹಿಂದೆ ಲ್ಯಾಮಿನೈಟಿಸ್ (ಗೊರಸಿನ ಒಳಗೆ ಉರಿಯೂತ ಬರೋ ಕಾಯಿಲೆ) ಆಗಿತ್ತು, ಅವತ್ತಿಂದ ಸಿಹಿ ಪೂರ್ತಿ ಬಂದ್. ಔಷಧಿ ತಿನ್ನಿಸೋಕೆ ಏನಾದ್ರೂ ಟ್ರೀಟ್ ಬೇಕಲ್ಲ, ಮನೇಲೇ ಮಾಡೋಣ ಅಂತ ಒಂದು ಕಡೆಯಿಂದ ರೆಡಿ ಮಿಕ್ಸ್ ತರಿಸಿದೆ. ಅಗಸೆ, ಮೆಂತ್ಯ, ಕುದುರೆ ಮಸಾಲೆ ಸೊಪ್ಪಿನ (ಲೂಸರ್ನ್ ಮೇವು) ಪುಡಿ, ಸ್ವಲ್ಪ ಓಟ್ಸ್ ಅಂತ ಹೇಳಿದ್ರು. 5 ಕೆಜಿಗೆ 1,850 ರೂಪಾಯಿ. ತಗೊಳ್ಳೋ ಮುಂಚೆನೇ ಕೇಳಿದೀನಿ, ಒಂದಲ್ಲ ಎರಡು ಸಲ ಕೇಳಿದೀನಿ, ನಮ್ದಕ್ಕೆ ಲ್ಯಾಮಿನೈಟಿಸ್ ಆಗಿತ್ತು ಸಕ್ಕರೆ ಇದೆಯಾ ಅಂತ. "ಒಂದು ಕಾಳೂ ಸಕ್ಕರೆ ಇಲ್ಲ ಮೇಡಂ, ಕಣ್ಮುಚ್ಕೊಂಡು ಕೊಡಿ" ಅಂದ್ರು. ಕಣ್ಮುಚ್ಕೊಂಡೇ ಕೊಟ್ಟೆ.

ದಿನಕ್ಕೆ ಐದಾರು ಬಿಸ್ಕತ್. ಅವಳೂ ಲಾಯದ ಬಾಗ್ಲಲ್ಲೇ ಕಾಯ್ತಾ ಇರೋಳು, ನನಗೆ ಖುಷಿನೋ ಖುಷಿ. ಒಂಬತ್ತನೇ ದಿನ ಬೆಳಿಗ್ಗೆ ಕುದುರೆ ನೋಡ್ಕೊಳ್ಳೋ ನಮ್ಮ ಸೈಸ್ ಫೋನ್ ಮಾಡ್ದ, ಅಮ್ಮಾ ಹೆಜ್ಜೆನೇ ಇಡ್ತಿಲ್ಲ ಅಂತ. ಹೋಗಿ ನೋಡಿದ್ರೆ ಮುಂಗಾಲು ಎರಡೂ ಮುಂದಕ್ಕೆ ಚಾಚಿ, ಭಾರ ಎಲ್ಲಾ ಹಿಂದಕ್ಕೆ ಹಾಕಿ ನಿಂತಿದಾಳೆ. ಗೊರಸು ಮುಟ್ಟಿದ್ರೆ ಬಿಸಿ, ಅದರ ಮೇಲೆ ಕಾಲಿನ ಹಿಂದೆ ನಾಡಿ ಟಕ್ ಟಕ್ ಅಂತ ಹೊಡ್ಕೊತಿದೆ. ಡಾಕ್ಟರ್ ಬಂದು ಐಸ್ ನೀರಲ್ಲಿ ಕಾಲು ಇಡಿಸಿ ನೋವಿಗೆ ಇಂಜೆಕ್ಷನ್ ಕೊಟ್ರು. ಇಂಥ ಕುದುರೆಗೆ ಸಕ್ಕರೆ ಅಂಶ ಹೋದ್ರೆ ಇನ್ಸುಲಿನ್ ಏರುತ್ತೆ, ಗೊರಸನ್ನ ಒಳಗಿನ ಮೂಳೆಗೆ ಹಿಡ್ಕೊಂಡಿರೋ ಪದರ ಸಡಿಲ ಆಗುತ್ತೆ, ಏನ್ ಕೊಟ್ರಿ ಹೇಳಿ ಅಂದ್ರು. ಏನೂ ಕೊಟ್ಟಿಲ್ಲ ಸಾರ್ ಅಂದೆ. ಹಂಗೇ ಅಂದೆ ನಾನು.

ಅವರು ಹೋದ್ಮೇಲೆ ಅನುಮಾನ ಬಂತು. ಒಂದು ಹಿಡಿ ಮಿಕ್ಸ್ ಬಿಸಿನೀರಿಗೆ ಹಾಕಿ ಬಟ್ಟೇಲಿ ಸೋಸಿದೆ. ನೀರು ಕಂದು ಬಣ್ಣ, ಬೆರಳು ಅಂಟಂಟು. ನಾಲಿಗೆಗೆ ಇಟ್ಕೊಂಡೆ. ಬೆಲ್ಲ! ಅಪ್ಪಟ ಬೆಲ್ಲ. ಹಬ್ಬಕ್ಕೆಲ್ಲಾ ಹೂರಣ ರುಬ್ಬೋ ಮನೇಲಿ ಬೆಳೆದೋಳು ನಾನು, ಒಂಬತ್ತು ದಿನ ಅದೇ ಹಿಟ್ಟು ಕೈಯಾರೆ ಕಲಸಿದೀನಿ, ಮೆಂತ್ಯದ ಘಾಟಲ್ಲಿ ಗೊತ್ತೇ ಆಗ್ಲಿಲ್ಲ. ಅಲ್ಲೇ ಅಡುಗೆಮನೆ ನೆಲದ ಮೇಲೆ ಕೂತ್ಬಿಟ್ಟೆ.

ಫೋನ್ ಮಾಡಿದ್ರೆ ಬಂದ ಉತ್ತರ ಕೇಳಿ. "ಸಕ್ಕರೆ ಇಲ್ಲ ಅಂದ್ವಿ ಮೇಡಂ, ಬೆಲ್ಲ ಇಲ್ಲ ಅಂದ್ವಾ?" ಬೆಲ್ಲದಲ್ಲಿ ಇರೋದು ಬಹುಪಾಲು ಸಕ್ಕರೇನೇ ಅಲ್ವೇನ್ರೀ ಅಂದ್ರೆ "ಅದು ನ್ಯಾಚುರಲ್ಲು, ಟಾಂಗಾದೋರು ತಲೆತಲಾಂತರದಿಂದ ತಿನ್ನಿಸ್ತಾರೆ" ಅಂತೆ. ಟಾಂಗಾ ಕುದುರೆ ದಿನವಿಡೀ ದುಡಿಯುತ್ತೆ ಸ್ವಾಮಿ, ನಮ್ದು ಲಾಯದಲ್ಲಿ ನಿಂತಿರೋ ಮುದುಕಿ. ಕೊನೆಗೆ "ನಿಮ್ಮ ಕುದುರೆಗೆ ಮೊದ್ಲೇ ಕಾಯಿಲೆ ಇತ್ತಲ್ಲ" ಅಂದ್ರು. ಅದನ್ನ ಹೇಳಿದ್ದೇ ನಾನು! ಮೊದಲನೇ ಮೆಸೇಜಲ್ಲೇ ಹೇಳಿದ್ದೆ! ಆಮೇಲೆ ಬ್ಲಾಕ್. ದುಡ್ಡು ಹಾಳಾಗೋಗ್ಲಿ.

ಸಕ್ಕರೆ ಇದೆಯಾ ಅಂತ ಕೇಳ್ಬೇಡಿ. ಬೆಲ್ಲ, ಕಾಕಂಬಿ, ಜೇನು, ಖರ್ಜೂರ, ಒಂದೊಂದೂ ಹೆಸರು ಹಿಡಿದು ಕೇಳಿ, ಬರವಣಿಗೇಲಿ ತಗೊಳ್ಳಿ. ಅದಕ್ಕಿಂತ ಮಿಕ್ಸೇ ಬೇಡ. ಅಗಸೆ ಪುಡಿಗೆ ಬಿಸಿನೀರು ಹಾಕಿದ್ರೆ ಅದೇ ಲೋಳೆ ಬಿಟ್ಟು ಅಂಟುತ್ತೆ, ಕುದುರೆ ಮಸಾಲೆ ಸೊಪ್ಪು ಒಣಗಿಸಿ ಪುಡಿ ಮಾಡಿ ಅದಕ್ಕೆ ಕಲಸಿ, ಚೂರು ಮೆಂತ್ಯ, ಮುಗೀತು. ಓಟ್ಸೂ ಇಂಥವಕ್ಕೆ ಬೇಡ ಅಂತ ಡಾಕ್ಟರ್ ನನಗೆ ಚೆನ್ನಾಗೇ ಬೈದ್ರು, ಅದರಲ್ಲಿ ಪಿಷ್ಟ ಇದೆ. ಆರೋಗ್ಯವಾಗಿರೋ ಕುದುರೆಗೆ ಕ್ಯಾರೆಟ್ ಕೊಡೋರು ಬಿಲ್ಲೆ ಬಿಲ್ಲೆ ಹೆಚ್ಚಬೇಡಿ, ಉದ್ದುದ್ದ ಸೀಳಿ, ಬಿಲ್ಲೆ ಗಂಟಲಲ್ಲಿ ಸಿಕ್ಕೊಂಡ್ರೆ ಕಷ್ಟ, ಕುದುರೆಗೆ ವಾಂತಿ ಮಾಡೋಕಾಗಲ್ಲ. ಈರುಳ್ಳಿ, ಆಲೂಗಡ್ಡೆ, ಚಾಕಲೇಟ್, ಬೆಣ್ಣೆಹಣ್ಣು ಹತ್ರಕ್ಕೂ ತರಬೇಡಿ.

ಎಕ್ಸ್‌ರೇಲಿ ಗೊರಸಿನೊಳಗಿನ ಮೂಳೆ ತಿರುಗಿಲ್ಲ ಅಂತ ಬಂತು, ಅಷ್ಟೇ ಸಮಾಧಾನ. ನಿನ್ನೆ ಸಂಜೆ ಮೆತ್ತಗೆ ನಾಲ್ಕು ಹೆಜ್ಜೆ ಇಟ್ಳು. ಇಟ್ಟು ಸೀದಾ ನನ್ನ ಜೇಬಿಗೆ ಮೂತಿ ತಂದ್ಳು, ಬಿಸ್ಕತ್ ಹುಡುಕ್ತಾ.