ಕ್ಯೂಎಂಕೆ ಕೀಬೋರ್ಡ್: ಮೂರು ವರ್ಷ ಬಳಸಿದ ಮೇಲೆ

ಮೈಸೂರಿನ ಕುವೆಂಪುನಗರದ ಮನೆಯಲ್ಲಿ ಕುಳಿತು ಪುಸ್ತಕಗಳ ಅಕ್ಷರಜೋಡಣೆ ಮಾಡುವುದು ನನ್ನ ಕೆಲಸ. ದಿನವೆಲ್ಲ ಕನ್ನಡ, ನಡುನಡುವೆ ಇಂಗ್ಲಿಷ್. ಮೂರು ವರ್ಷಗಳ ಹಿಂದೆ 68 ಕೀಲಿಗಳ, ಪ್ರತಿ ಕೀಲಿಯಡಿ ಬಣ್ಣದ ದೀಪವಿರುವ ಮೆಕ್ಯಾನಿಕಲ್ ಕೀಬೋರ್ಡ್ ಕೊಂಡೆ. ಅದಕ್ಕೂ ಮೊದಲು ಕೊಂಡದ್ದು ದಂಡವಾಗಿತ್ತು. ಒಳಗಿದ್ದದ್ದು ಕ್ಯೂಎಂಕೆಯೇ, ಅಂದರೆ ಕೀಬೋರ್ಡಿನ ಚಿಪ್‌ನೊಳಗೇ ಕುಳಿತು ಕೀಲಿ, ದೀಪಗಳನ್ನು ನಡೆಸುವ, ಯಾರು ಬೇಕಾದರೂ ತಿದ್ದಿಕೊಳ್ಳಬಹುದಾದ ಮುಕ್ತ ತಂತ್ರಾಂಶ (ಫರ್ಮ್‌ವೇರ್). ಆದರೆ ಮಾರಿದವರು ತಾವು ತಿದ್ದಿದ ಕೋಡ್ ಕೊಡಲಿಲ್ಲ. ಕ್ಯೂಎಂಕೆಯ ಜಿಪಿಎಲ್ ಎಂಬ ಮುಕ್ತ ಪರವಾನಗಿಯ ಪ್ರಕಾರ ಕೊಡಲೇಬೇಕು. ನನ್ನ ಮೂರು ಮೇಲ್‌ಗಳಿಗೆ ಉತ್ತರವೂ ಇಲ್ಲ. ಈ ಸಲ ಕ್ಯೂಎಂಕೆಯ ಮೂಲ ಕೋಡ್‌ನಲ್ಲಿ ಈ ಮಾದರಿಯ ಹೆಸರಿದೆಯೇ ಎಂದು ನೋಡಿಯೇ ದುಡ್ಡು ಬಿಚ್ಚಿದೆ.

ಮೊದಲ ವಾರ ಬರೀ ಆಟ. ಒತ್ತಿದ ಕೀಲಿಯಿಂದ ಬಣ್ಣ ಅಲೆಯಾಗಿ ಹರಡುವ ‘ಸ್ಪ್ಲ್ಯಾಶ್’ ಹಾಕಿಕೊಂಡು ಕುಳಿತಿದ್ದರೆ, ಅಪ್ಪ ಬಾಗಿಲಲ್ಲಿ ನಿಂತು, “ದಸರಾ ಮುಗಿದು ತಿಂಗಳಾಯಿತು ಕಣೋ, ಇನ್ನೂ ದೀಪ ಇಳಿಸಿಲ್ಲವೇ?” ಎಂದರು. ಒಮ್ಮೆ ಇಡೀ ಹಲಗೆಗೆ ಬಿಳಿ ಬಣ್ಣ, ಪೂರ್ತಿ ಹೊಳಪು ಕೊಟ್ಟೆ. ಕೀಬೋರ್ಡ್ ಕಂಪ್ಯೂಟರಿನಿಂದಲೇ ಕಳಚಿಕೊಂಡಿತು. ಇಂಥ ಒಂದು ದೀಪ ಪೂರ್ತಿ ಬಿಳಿಯಾಗಿ ಉರಿದರೆ ಸುಮಾರು 60 ಮಿಲಿಆಂಪ್ ಎಳೆಯುತ್ತದೆ, ಹಳೆಯ ಯುಎಸ್‌ಬಿ ಕೊಡುವುದು 500. ಗುಣಿಸಿ ನೋಡಿ. ಗರಿಷ್ಠ ಹೊಳಪನ್ನು ಸಂರಚನೆಯ ಕಡತದಲ್ಲೇ 255ರಲ್ಲಿ 80ಕ್ಕೆ ಕಟ್ಟಿಹಾಕಿ, ಬಿಳಿಯ ಆಸೆ ಬಿಟ್ಟೆ.

ನನಗೆ ನಿಜವಾಗಿ ಒದಗಿದ್ದು ‘ಟೈಪಿಂಗ್ ಹೀಟ್‌ಮ್ಯಾಪ್’ ಎಂಬ ಇನ್ನೊಂದು ಬೆಳಕಿನಾಟ. ಹೆಚ್ಚು ಒತ್ತಿದ ಕೀಲಿ ನೀಲಿಯಿಂದ ಕೆಂಪಿಗೆ ಏರುತ್ತದೆ, ಬಿಟ್ಟರೆ ತಣಿಯುತ್ತದೆ. ಭಾರತೀಯ ಭಾಷೆಗಳಿಗೆಂದು ಮಾಡಿದ, ನಾನು ಬಳಸುವ ಇನ್‌ಸ್ಕ್ರಿಪ್ಟ್ ಕೀಲಿ ವಿನ್ಯಾಸದಲ್ಲಿ ಸ್ವರಚಿಹ್ನೆಗಳು ಎಡಗೈಗೆ, ಹೆಚ್ಚಿನ ವ್ಯಂಜನಗಳು ಬಲಗೈಗೆ. ಕನ್ನಡದ ಒಂದು ಪುಟ ಮುಗಿಯುವಷ್ಟರಲ್ಲಿ ‘ಡಿ’ ಕೀಲಿ ಕಾದ ಹಂಚಿನಂತೆ ಕೆಂಪಗಾಗಿರುತ್ತಿತ್ತು. ಅರ್ಧಾಕ್ಷರದ ಚಿಹ್ನೆ ಇರುವುದು ಅಲ್ಲಿ. ‘ಕನ್ನಡ’ ಎಂದು ಬರೆಯಲು ಕೆ, ವಿ, ಡಿ, ವಿ, ಆಮೇಲೆ ಚೌಕ ಕಂಸದ ಕೀಲಿ. ಒತ್ತಕ್ಷರ ಬಂದಾಗಲೆಲ್ಲ ‘ಡಿ’. ವರ್ಷಗಳಿಂದ ಎಡಗೈಯ ನಡುಬೆರಳು ಏಕೆ ನೋಯುತ್ತಿತ್ತೆಂದು ಅಂದು ತಿಳಿಯಿತು. ಸ್ಪೇಸ್‌ನ ಪಕ್ಕದ ಆಲ್ಟ್ ಕೀಲಿಯನ್ನು ಕನ್ನಡದ ಪದರದಲ್ಲಿ, ಅಂದರೆ ಕನ್ನಡ ಬರೆಯುವಾಗಷ್ಟೇ ಜಾರಿಯಾಗುವ ಕೀಲಿ ಹಂಚಿಕೆಯಲ್ಲಿ, ‘ಡಿ’ ಮಾಡಿದೆ. ಕೆಲಸ ಹೆಬ್ಬೆರಳಿಗೆ ಹೋಯಿತು. ಒಗ್ಗಿಕೊಳ್ಳಲು ಎರಡು ವಾರ ಬೇಕಾಯಿತು, ಆ ಎರಡು ವಾರ ನನ್ನ ಕರಡು ತಿದ್ದಿದವರಿಗೆ ಕ್ಷಮೆ ಕೇಳಬೇಕು.

ಆಮೇಲೆ ಹತ್ತಿಪ್ಪತ್ತು ಸಾಲು ಸಿ ಭಾಷೆಯಲ್ಲಿ ಬರೆದು, ಕನ್ನಡಕ್ಕೆ ಹೊರಳಿದಾಗ ಸ್ವರದ ಕೀಲಿಗಳು ಅರಿಶಿನ, ವ್ಯಂಜನಗಳು ಕುಂಕುಮ ಬಣ್ಣ ತಾಳುವಂತೆ ಮಾಡಿದೆ. ಒಂದು ಎಡವಟ್ಟಿದೆ: ಕಂಪ್ಯೂಟರಿನಲ್ಲಿ ಯಾವ ಭಾಷೆ ನಡೆಯುತ್ತಿದೆ ಎಂಬುದು ಕೀಬೋರ್ಡಿಗೆ ಗೊತ್ತಾಗುವುದಿಲ್ಲ. ನನ್ನ ಕೀಲಿ ಭಾಷೆ ಬದಲಿಸುವ ಆಜ್ಞೆ ಕಳಿಸಿ, ಬಣ್ಣವನ್ನೂ ಬದಲಿಸುತ್ತದೆ, ಅಷ್ಟೇ. ಮೌಸ್‌ನಿಂದ ಭಾಷೆ ಬದಲಿಸಿದರೆ ದೀಪ ಸುಳ್ಳು ಹೇಳುತ್ತದೆ. ಬಣ್ಣವನ್ನಷ್ಟೇ ಹೊರಳಿಸುವ ಇನ್ನೊಂದು ಕೀಲಿ ಇಟ್ಟುಕೊಂಡಿದ್ದೇನೆ. ತೇಪೆ ಎಂದು ನನಗೂ ಗೊತ್ತು.

ಬಿಡಿಭಾಗಗಳ ಬಗ್ಗೆ ದೂರಿಲ್ಲ. ಎರಡು ಸ್ವಿಚ್ ಹೋದವು, ಬೆಸುಗೆಯಿಲ್ಲದೆ ಕಿತ್ತು ಹೊಸವು ಕೂರಿಸಿದೆ.

ಕಾಡಿದ್ದು ಚಿಪ್‌ನೊಳಗಿನ ಜಾಗ. ಇದರ ಎಟಿಮೆಗಾ32ಯು4 ಚಿಪ್‌ನಲ್ಲಿ ಫರ್ಮ್‌ವೇರ್‌ಗೆ ಸಿಗುವುದು 28 ಕಿಲೋಬೈಟ್. ಹೀಟ್‌ಮ್ಯಾಪ್, ನನ್ನ ಸಾಲುಗಳು ಸೇರಿದಾಗ, ಕೋಡನ್ನು ಚಿಪ್‌ನ ಭಾಷೆಗೆ ಇಳಿಸುವ ಕಂಪೈಲರ್ ‘ಹಿಡಿಸುವುದಿಲ್ಲ’ ಎಂದಿತು. ಕೀಲಿ ಒತ್ತಿ ಮೌಸ್ ಓಡಿಸುವ ಸೌಲಭ್ಯ ತೆಗೆದೆ, ಸಾಲಲಿಲ್ಲ. ಅಪ್ಪನಿಗೆ ದಸರಾ ನೆನಪಿಸಿದ ಸ್ಪ್ಲ್ಯಾಶನ್ನೂ ತೆಗೆದ ಮೇಲೆ ಹಿಡಿಸಿತು. ಈಗ ಕೊಳ್ಳುವವರು ಆರ್‌ಪಿ2040 ಚಿಪ್ ಇರುವುದನ್ನೇ ಕೇಳಿ ಕೊಳ್ಳಿ. ಅದರಲ್ಲಿ ಜಾಗಕ್ಕೆ ಬರವಿಲ್ಲ, ಪೆನ್‌ಡ್ರೈವ್‌ಗೆ ಹಾಕಿದಂತೆ ಕಡತವನ್ನು ಎಳೆದು ಹಾಕಿದರೆ ಫರ್ಮ್‌ವೇರ್ ಬದಲಾಗುತ್ತದೆ.